ಒಂದು ತಾಸಿನ ಹಾರಾಟ, ಐದು ತಾಸಿನ ಹಸಿವು: ಅಗ್ಗದ ವಿಮಾನದ ತಿಂಡಿ ಕಲಿಸಿದ ಪಾಠಗಳು

ಭಾರತದ ಅಗ್ಗದ ವಿಮಾನಯಾನಕ್ಕೂ ಹುಬ್ಬಳ್ಳಿಗೂ ಮೊದಲ ದಿನದಿಂದಲೇ ನಂಟಿದೆ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಹಾರಾಟ ಶುರು ಮಾಡಿದ್ದು ಬೆಂಗಳೂರು–ಹುಬ್ಬಳ್ಳಿ ನಡುವೆ. ಟಿಕೆಟ್ ದರ ಇಳಿಸಲು ಆ ಕಂಪನಿ ಕೈಬಿಟ್ಟ ವೆಚ್ಚಗಳಲ್ಲಿ ಪುಕ್ಕಟೆ ಊಟವೂ ಒಂದು. ತಿಂಡಿ ಬೇಕಾದವರು ದುಡ್ಡು ಕೊಟ್ಟು ಕೊಳ್ಳಲಿ, ಬೇಡದವರಿಗೆ ಅದರ ಹೊರೆ ಬೀಳದಿರಲಿ ಎಂಬುದು ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇತ್ತು. ವಿಮಾನ ನೋಡಲು ತಲೆ ಎತ್ತುತ್ತಿದ್ದ ನಮ್ಮ ಕಡೆಯ ಜನ ಅದರೊಳಗೆ ಕೂಡುವಂತಾಗಿದ್ದು ಈ ಲೆಕ್ಕದಿಂದಲೇ.

ನಾನು ಗಜೇಂದ್ರಗಡ ತಾಲ್ಲೂಕಿನ ರಾಜೂರಿನವನು. ಬೆಂಗಳೂರು ವಿಮಾನ ನಿಲ್ದಾಣದ ಬಳಿ ವಿಮಾನಗಳಿಗೆ ಅಡುಗೆ ಮಾಡಿ ಕಳಿಸುವ ಫ್ಲೈಟ್ ಕಿಚನ್ ಒಂದರ ಗುಣಮಟ್ಟ ವಿಭಾಗದಲ್ಲಿ ದುಡಿದೆ. ಆಮೇಲೆ ಕಡಿಮೆ ದರದ ವಿಮಾನ ಕಂಪನಿಯೊಂದರಲ್ಲಿ ಪ್ರಯಾಣಿಕರ ದೂರು ನೋಡಿಕೊಳ್ಳುವ ಕೆಲಸ ಮಾಡಿದೆ. ಒಂದು ಕಡೆ ತಿಂಡಿ ಹೊರಡುವುದನ್ನು ನೋಡಿದೆ, ಇನ್ನೊಂದು ಕಡೆ ಅದರ ಬಗ್ಗೆ ಬರುವ ಸಿಟ್ಟನ್ನು ಓದಿದೆ. ಎರಡನ್ನೂ ಕಂಡ ಮೇಲೆ ನನಗೆ ಖಚಿತವಾದ ಮಾತು ಇದು: ಟಿಕೆಟ್ ದರದಿಂದ ಊಟವನ್ನು ತೆಗೆಯಬಹುದು, ಮಾರಿದ ಊಟದ ಹೊಣೆಯನ್ನು ತೆಗೆಯಲಾಗದು. ಈ ಕೆಲಸಕ್ಕೆ ಹೋಗುವ ನಮ್ಮ ಭಾಗದ ಹುಡುಗ ಹುಡುಗಿಯರಿಗೆ, ಹುಬ್ಬಳ್ಳಿಯಿಂದ ವಿಮಾನ ಹತ್ತುವ ನಮ್ಮವರಿಗೆ ಉಪಯೋಗವಾಗಲೆಂದು ಈ ಪಾಠಗಳನ್ನು ಬರೆಯುತ್ತಿದ್ದೇನೆ.

1. ಹಸಿವನ್ನು ಮನೆಯ ಬಾಗಿಲಿನಿಂದ ಅಳೆಯಬೇಕು

ಯಾವ ವಿಮಾನಕ್ಕೆ ಎಷ್ಟು ತಿಂಡಿ ಏರಿಸಬೇಕು ಎಂಬುದನ್ನು ಸಾಮಾನ್ಯವಾಗಿ ಹಾರಾಟದ ಅವಧಿ ನೋಡಿ ತೀರ್ಮಾನಿಸುತ್ತಾರೆ. ಬೆಂಗಳೂರು–ಹುಬ್ಬಳ್ಳಿ ಸುಮಾರು ಒಂದು ತಾಸಿನ ದಾರಿ. ಅಷ್ಟಕ್ಕೇನು, ಬಿಸ್ಕತ್ತು, ಗೋಡಂಬಿ, ನಾಲ್ಕು ಸ್ಯಾಂಡ್‌ವಿಚ್ ಸಾಕು ಎನ್ನುತ್ತದೆ ಕಾಗದ.

ಆ ಕಾಗದದಲ್ಲಿ ರಾಜೂರಿನಿಂದ ಹೊರಟವರು ಇರುವುದಿಲ್ಲ. ಇಲ್ಲಿಂದ ಗದಗ ದಾಟಿ ಹುಬ್ಬಳ್ಳಿ ನಿಲ್ದಾಣ ಮುಟ್ಟಲು ನೂರು ಕಿಲೋಮೀಟರ್ ಮೇಲಾಗುತ್ತದೆ. ಬೆಳಿಗ್ಗೆ ಎಂಟರ ವಿಮಾನಕ್ಕೆ ನಾಲ್ಕಕ್ಕೆ ಮನೆ ಬಿಡಬೇಕು. ಅಷ್ಟೊತ್ತಿಗೆ ಒಲೆ ಹೊತ್ತಿರುವುದಿಲ್ಲ, ದಾರಿಯಲ್ಲಿ ಚಹಾದ ಅಂಗಡಿ ತೆರೆದಿರುವುದಿಲ್ಲ. ಭದ್ರತಾ ತಪಾಸಣೆ ಮುಗಿಸಿ ಸೀಟಿನಲ್ಲಿ ಕೂತಾಗ ಹೊಟ್ಟೆ ಖಾಲಿಯಾಗಿ ನಾಲ್ಕೈದು ತಾಸು ಆಗಿರುತ್ತದೆ. ಅವರಿಗೆ ವಿಮಾನದ ಸಿಬ್ಬಂದಿ, ಅಂದರೆ ಕ್ರೂ, ಹೇಳುವುದು: ‘ಸ್ಯಾಂಡ್‌ವಿಚ್ ಮುಗಿದಿದೆ’.

ಕೋವಿಡ್ ಕಾಲದಲ್ಲಿ ಸರ್ಕಾರದ ನಿಯಮವೂ ಇದೇ ಅಳತೆಗೋಲು ಹಿಡಿದಿತ್ತು. 2021ರ ಏಪ್ರಿಲ್ 15ರಿಂದ ಎರಡು ತಾಸಿಗಿಂತ ಕಡಿಮೆ ಅವಧಿಯ ಹಾರಾಟಗಳಲ್ಲಿ ತಿಂಡಿ ಕೊಡುವಂತಿರಲಿಲ್ಲ, ಆ ನವೆಂಬರ್‌ನಲ್ಲಿ ನಿರ್ಬಂಧ ತೆರವಾಯಿತು. ಸೋಂಕಿನ ಭಯಕ್ಕೆ ಅದು ಬೇಕಿತ್ತು. ಆದರೆ ಸೋಂಕು ಹೋದ ಮೇಲೂ ಅದೇ ಅಳತೆ ಉಳಿಯಬಾರದು. ದಿನದ ಮೊದಲ ವಿಮಾನ, ರಾತ್ರಿಯ ಕೊನೆಯ ವಿಮಾನ, ಚಿಕ್ಕ ಊರುಗಳಿಂದ ಜನ ಬಂದು ಹತ್ತುವ ನಿಲ್ದಾಣ, ಈ ಮೂರಕ್ಕೂ ಅವಧಿ ನೋಡದೆ ಹೆಚ್ಚು ತಿಂಡಿ ಏರಿಸಬೇಕು.

2. ತಿಂಡಿಯನ್ನು ಕೆಡಿಸುವುದು ಹೆಚ್ಚಾಗಿ ಹೊತ್ತು

‘ಬ್ರೆಡ್ ಒಣಗಿತ್ತು’ ಎಂಬ ದೂರು ಬಂದ ಕೂಡಲೇ ಬೈಗುಳ ಅಡುಗೆಯವರ ಮೇಲೆ ಬೀಳುತ್ತದೆ. ನಿಜವಾದ ಕಾರಣ ತಿಳಿಯಬೇಕಾದರೆ ಆ ಸ್ಯಾಂಡ್‌ವಿಚ್‌ನ ದಿನಚರಿ ನೋಡಬೇಕು.

ಅದು ಹಿಂದಿನ ರಾತ್ರಿ ತಯಾರಾಗುತ್ತದೆ. ಬೆಳಗಿನ ಜಾವ ಟ್ರಾಲಿ ಸೇರಿ, ಹೈ-ಲಿಫ್ಟ್ ಟ್ರಕ್ಕಿನಲ್ಲಿ ವಿಮಾನಕ್ಕೆ ಏರುತ್ತದೆ. ಅಗ್ಗದ ವಿಮಾನ ನೆಲದ ಮೇಲೆ ಅರ್ಧ ತಾಸು ನಿಂತರೆ ಹೆಚ್ಚು, ನಿಂತಷ್ಟೂ ನಷ್ಟ. ಹಾಗಾಗಿ ಪ್ರತಿ ನಿಲ್ದಾಣದಲ್ಲಿ ತಿಂಡಿ ಏರಿಸುವುದಿಲ್ಲ. ಮೂಲ ನಿಲ್ದಾಣದಲ್ಲಿ ಒಮ್ಮೆ ಏರಿಸಿದ್ದೇ ಮೂರು ನಾಲ್ಕು ಸೆಕ್ಟರ್‌ಗೆ (ಒಮ್ಮೆ ಏರಿ ಇಳಿದರೆ ಒಂದು ಸೆಕ್ಟರ್) ನಡೆಯಬೇಕು. ಹುಬ್ಬಳ್ಳಿ, ಬೆಳಗಾವಿಯಂಥ ಊರಿಗೆ ಹೋಗುವ ವಿಮಾನದಲ್ಲಿ ಸಾಮಾನ್ಯವಾಗಿ ಬರುವ ದಾರಿಯ ತಿಂಡಿಯೂ ಹೋಗುವಾಗಲೇ ಇರುತ್ತದೆ. ಮೊದಲ ಸೆಕ್ಟರ್‌ನವರು ಚೆನ್ನಾಗಿದೆ ಎಂದ ಸ್ಯಾಂಡ್‌ವಿಚ್ಚನ್ನೇ ನಾಲ್ಕನೆಯ ಸೆಕ್ಟರ್‌ನವರು ಬಾಯಿಗಿಡಲಾಗದು ಎನ್ನುತ್ತಾರೆ. ಇಬ್ಬರ ಮಾತೂ ನಿಜ.

ಬ್ರೆಡ್ಡಿಗೆ ಇನ್ನೊಂದು ಸಂಕಟವಿದೆ. ಸುರಕ್ಷತೆಗಾಗಿ ಸ್ಯಾಂಡ್‌ವಿಚ್ಚನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕು. ಬೇಯಿಸಿದ ಪಿಷ್ಟ ಮತ್ತೆ ಗಟ್ಟಿಯಾಗುವುದು ಆ ತಣ್ಣಗಿನ ಉಷ್ಣತೆಯಲ್ಲೇ ಬೇಗ. ಅಂದರೆ ಹೊಟ್ಟೆ ಕಾಯುವ ತಂಪೇ ಬ್ರೆಡ್ಡಿನ ಮೆದುತನ ಕಳೆಯುತ್ತದೆ. ಇದಕ್ಕೆ ಉತ್ತರ ತಂಪನ್ನು ಸಡಿಲಿಸುವುದಲ್ಲ, ಪದಾರ್ಥವನ್ನು ಬದಲಿಸುವುದು. ಹೊತ್ತು ತಡೆಯುವ ತಿಂಡಿ ನಮ್ಮ ಕಡೆ ಎಷ್ಟು ಬೇಕಾದರೂ ಇದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಕೊಟ್ಟ ಚುರುಮುರಿ, ಶೇಂಗಾ ಹೋಳಿಗೆ ಯಾವುದಕ್ಕೂ ಫ್ರಿಜ್ ಬೇಡ, ಓವನ್ ಬೇಡ. ದೂರದ ಜಾತ್ರೆಗೆ, ಪಾದಯಾತ್ರೆಗೆ ಬುತ್ತಿ ಕಟ್ಟಿದವರಿಗೆ ಯಾವ ತಿಂಡಿ ಎಷ್ಟು ದಿನ ತಾಳುತ್ತದೆಂದು ಚೆನ್ನಾಗಿ ಗೊತ್ತು. ಆ ತಿಳಿವಳಿಕೆಯನ್ನು ವಿಮಾನ ಕಂಪನಿಗಳ ಮೆನು ಮಾಡುವವರು ಕೇಳಿ ಪಡೆಯಬೇಕು.

3. ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಬಿಡಬೇಕು

ಫ್ಲೈಟ್ ಕಿಚನ್ನಿನಲ್ಲಿ ಪಲಾವು, ಉಪ್ಪಿಟ್ಟು, ಪಲ್ಯ ಮಾಡಿ ಕೂಡಲೇ ಬಡಿಸುವುದಿಲ್ಲ. ನಡುಭಾಗ 75 ಡಿಗ್ರಿ ಮುಟ್ಟುವಂತೆ ಬೇಯಿಸಿ, ಬ್ಲಾಸ್ಟ್ ಚಿಲ್ಲರ್‌ನಲ್ಲಿ ಬೇಗನೆ ತಣಿಸಿ, ತಂಪಿನಲ್ಲಿಟ್ಟು ಸಾಗಿಸುತ್ತಾರೆ. 5ರಿಂದ 60 ಡಿಗ್ರಿ ನಡುವಿನ ಉಷ್ಣತೆ ರೋಗಾಣುಗಳಿಗೆ ಹಬ್ಬ. ಅಡುಗೆ ಆ ಮಟ್ಟವನ್ನು ಎಷ್ಟು ಬೇಗ ದಾಟುತ್ತದೋ ಅಷ್ಟು ಒಳ್ಳೆಯದು.

ಇಲ್ಲಿ ಕಣ್ಣು ಮೋಸ ಹೋಗುತ್ತದೆ. ಚಿಲ್ಲರ್‌ನಿಂದ ತೆಗೆದ ಪಲಾವಿನ ದೊಡ್ಡ ತಟ್ಟೆಯ ಅಂಚಿಗೆ ಉಷ್ಣತೆ ಅಳೆಯುವ ಪ್ರೋಬ್ ಚುಚ್ಚಿದರೆ 4 ಡಿಗ್ರಿ ತೋರಿಸುತ್ತದೆ. ಅದೇ ತಟ್ಟೆಯ ನಡುವೆ, ಅನ್ನ ದಪ್ಪಗಿರುವಲ್ಲಿ ಚುಚ್ಚಿದರೆ 11 ಬರುತ್ತದೆ. ಅಂಚಿನ ಅಂಕಿ ಬರೆದರೆ ದಾಖಲೆ ಅಂದವಾಗಿ ಕಾಣುತ್ತದೆ, ನಡುವಿನ ಅಂಕಿ ಬರೆದರೆ ತಟ್ಟೆ ವಾಪಸ್ ಹೋಗಬೇಕು. ಗುಣಮಟ್ಟದ ಕೆಲಸವೆಂದರೆ ನಡುವೆ ಚುಚ್ಚುವುದು. ತಟ್ಟೆಯಲ್ಲಿ ಅನ್ನ ಎರಡು ಬೆರಳಿಗಿಂತ ದಪ್ಪ ಹರಡಬೇಡಿ ಎಂದು ರಾತ್ರಿ ಪಾಳಿಯವರಿಗೆ ಬಿಡದೆ ಹೇಳುತ್ತಿದ್ದೆವು.

ತಪ್ಪಿದರೆ ಏನಾಗುತ್ತದೆಂದು ಜಗತ್ತು ಕಂಡದ್ದು 1975ರ ಫೆಬ್ರವರಿಯಲ್ಲಿ. ಜಪಾನ್ ಏರ್‌ಲೈನ್ಸ್‌ನ ಟೋಕಿಯೊ–ಪ್ಯಾರಿಸ್ ವಿಮಾನಕ್ಕೆ ಅಲಾಸ್ಕಾದ ಆಂಕರೇಜ್‌ನಲ್ಲಿ ಬೆಳಗಿನ ತಿಂಡಿ ಏರಿತ್ತು. ಕೋಪನ್‌ಹೇಗನ್ ತಲುಪುವ ಹೊತ್ತಿಗೆ 344 ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವಾಂತಿ ಭೇದಿ, 140ಕ್ಕೂ ಹೆಚ್ಚು ಜನ ಆಸ್ಪತ್ರೆಗೆ. ಅಡುಗೆಯವರೊಬ್ಬರ ಬೆರಳಿನ ಕೀವುಗಾಯದಿಂದ ಹೋದ ಸ್ಟೆಫಿಲೊಕಾಕಸ್ ರೋಗಾಣು, ತಂಪಿಲ್ಲದೆ ತಾಸುಗಟ್ಟಲೆ ಇಟ್ಟ ಆಹಾರದಲ್ಲಿ ಬೆಳೆದು ವಿಷ ಬಿಟ್ಟಿತ್ತು. ಆ ವಿಷ ಕುದಿಸಿದರೂ ನಾಶವಾಗುವುದಿಲ್ಲ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬುದು ಬಿಡುವ ವಾಂತಿಕಾರಕ ವಿಷವೂ ಹಾಗೆಯೇ. ಚಿತ್ರಾನ್ನ, ಪಲಾವು, ಮೊಸರನ್ನ ದೊಡ್ಡ ಪ್ರಮಾಣದಲ್ಲಿ ಮಾಡುವ ಹಾಸ್ಟೆಲ್, ಮದುವೆ, ದಾಸೋಹದ ಅಡುಗೆಯವರೂ ಇದನ್ನು ತಿಳಿದಿರಬೇಕು. ಕೈಗೆ ಗಾಯವಾದವರನ್ನು ಅಂದು ಅಡುಗೆಮನೆಯಿಂದ ಬೇರೆ ಕೆಲಸಕ್ಕೆ ಹಾಕುವುದು, ಅವರ ದಿನಗೂಲಿ ಕಡಿಯದಿರುವುದು ಎರಡೂ ಕೂಡಿಯೇ ನಡೆಯಬೇಕು. ಕೂಲಿ ಹೋಗುತ್ತದೆಂದರೆ ಯಾರೂ ಗಾಯ ತೋರಿಸುವುದಿಲ್ಲ.

4. ಸಪ್ಪೆ ಎಂಬ ದೂರಿಗೆ ಉಪ್ಪು ಸುರಿಯುವುದು ಉತ್ತರವಲ್ಲ

ಕೆಳಗೆ ರುಚಿಯಾದ ಅಡುಗೆ ಮೇಲೆ ಸಪ್ಪೆ ಎನಿಸುವುದಕ್ಕೆ ಕಾರಣವಿದೆ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ತೇವಾಂಶ ಶೇ 20ಕ್ಕಿಂತ ಕೆಳಗಿಳಿಯುತ್ತದೆ, ಮೂಗು ಒಣಗುತ್ತದೆ. ವಾಸನೆ ಹತ್ತದೆ ರುಚಿ ಹತ್ತುವುದಿಲ್ಲ. ಲುಫ್ತಾನ್ಸಾ ಕಂಪನಿಗಾಗಿ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ ಉಪ್ಪಿನ ಅರಿವು ಶೇ 20ರಿಂದ 30ರಷ್ಟು, ಸಿಹಿಯದು ಶೇ 15ರಿಂದ 20ರಷ್ಟು ಕುಗ್ಗುವುದು ಕಂಡುಬಂತು. ಎಂಜಿನ್ನಿನ ಸದ್ದೂ ಸಿಹಿಯನ್ನು ಮಂಕಾಗಿಸುತ್ತದೆ.

ಇದಕ್ಕೆ ಸುಲಭದ ದಾರಿ ಉಪ್ಪು ಹೆಚ್ಚಿಸುವುದು. ಆ ದಾರಿ ಹಿಡಿದರೆ ಇನ್ನೊಂದು ದೂರು ಬರುತ್ತದೆ. 2024ರಲ್ಲಿ ಇಂಡಿಗೋ ಮಾರುವ ಬಿಸಿನೀರು ಹಾಕಿ ತಿನ್ನುವ ಉಪ್ಪಿಟ್ಟಿನಲ್ಲಿ ಸೋಡಿಯಂ ಬಹಳ ಎಂಬ ವಿಡಿಯೊ ದೊಡ್ಡ ಚರ್ಚೆ ಎಬ್ಬಿಸಿತು. ಎಲ್ಲವೂ ಆಹಾರ ಸುರಕ್ಷತಾ ನಿಯಮದ ಮಿತಿಯಲ್ಲಿದೆ ಎಂದು ಕಂಪನಿ ಉತ್ತರಿಸಿತು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ, ರಕ್ತದೊತ್ತಡ ಇರುವವರಿಗೆ ಈ ಪ್ರಶ್ನೆ ಚಿಕ್ಕದಲ್ಲ.

ನಮ್ಮ ಅಡುಗೆಯಲ್ಲಿ ಉತ್ತರವಿದೆ: ಹುಣಸೆ, ನಿಂಬೆ, ಟೊಮೆಟೊ, ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಇಂಗು. ಹುಳಿ, ಖಾರ, ಹುರಿದ ಪರಿಮಳ ಮೇಲೆಯೂ ಚೆನ್ನಾಗಿ ನಿಲ್ಲುತ್ತವೆ. ನಮ್ಮಲ್ಲಿ ಉಪ್ಪು ಕಡಿಮೆ ಮಾಡಿ ಗುರೆಳ್ಳು ಪುಡಿ ಹೆಚ್ಚಿಸಿದ ಪಲ್ಯಕ್ಕೆ ಸಪ್ಪೆ ಎಂಬ ದೂರು ಬರಲಿಲ್ಲ.

ಬಿಸಿನೀರಿನ ತಿಂಡಿಗೆ ಮತ್ತೊಂದು ಮಾತು. ಬಹಳಷ್ಟು ಅಗ್ಗದ ವಿಮಾನಗಳಲ್ಲಿ ಓವನ್ ಇರುವುದಿಲ್ಲ. ಎಂಟು ಸಾವಿರ ಅಡಿಯ ಒತ್ತಡದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಪೊಟ್ಟಣದ ಮೇಲೆ ಐದು ನಿಮಿಷ ಎಂದಿದ್ದರೆ ಎಂಟು ನಿಮಿಷ ಮುಚ್ಚಿಡಬೇಕು. ಇದನ್ನು ಕ್ರೂ ಒಂದು ಮಾತಿನಲ್ಲಿ ಹೇಳಿಕೊಟ್ಟರೆ ‘ಉಪ್ಪಿಟ್ಟು ಬೆಂದಿರಲಿಲ್ಲ’ ಎಂಬ ಅರ್ಧದಷ್ಟು ದೂರುಗಳು ಇರುವುದೇ ಇಲ್ಲ.

5. ಹಸಿರು ಚುಕ್ಕೆಯಲ್ಲಿ ತಪ್ಪಾದರೆ ಅದು ರುಚಿಯ ತಪ್ಪಲ್ಲ

ಶ್ರಾವಣ ಮಾಸದಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬರುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತ ಹಿರಿಯ ತಾಯಿ ಕೇಕಿನ ಪೊಟ್ಟಣ ಹಿಡಿದು ಕ್ರೂ ಹುಡುಗಿಯನ್ನು ಕೇಳಿದರು: ‘ತಂಗೀ, ಇದರಾಗ ತತ್ತಿ ಐತೇನವಾ? ಶ್ರಾವಣ ಐತಿ, ಮುಟ್ಟಂಗಿಲ್ಲ ನಾವು.’ ಆ ಹುಡುಗಿ ಬೇರೆ ರಾಜ್ಯದವಳು. ಮಾತು ತಿಳಿಯಲಿಲ್ಲ. ನಗುನಗುತ್ತ ‘ವೆಜ್, ವೆಜ್’ ಎಂದಳು. ನಾನು ಪೊಟ್ಟಣ ಇಸಿದುಕೊಂಡು ತಿರುಗಿಸಿ ನೋಡಿದೆ. ಮೂಲೆಯಲ್ಲಿ ಕಂದು ಬಣ್ಣದ ತ್ರಿಕೋನ. ‘ಬ್ಯಾಡ್ರಿ ಅಮ್ಮಾರ, ತತ್ತಿ ಹಾಕ್ಯಾರ’ ಎಂದೆ. ಅವರು ಅದನ್ನು ಟ್ರಾಲಿಯ ಮೇಲಿಟ್ಟು, ಹುಬ್ಬಳ್ಳಿಯವರೆಗೆ ಬರೀ ನೀರು ಕುಡಿದರು.

ಆ ಹುಡುಗಿಗೆ ಕೆಟ್ಟ ಮನಸ್ಸಿರಲಿಲ್ಲ. ಅವಳಿಗೆ ಕಲಿಸದ ಕಂಪನಿಯದು ತಪ್ಪು. ಸಸ್ಯಾಹಾರಕ್ಕೆ ಚೌಕದೊಳಗೆ ಹಸಿರು ವೃತ್ತ, ಮಾಂಸಾಹಾರಕ್ಕೆ ಚೌಕದೊಳಗೆ ಕಂದು ತ್ರಿಕೋನ ಎಂಬುದು ಈಗಿನ ನಿಯಮ. ಮೊಟ್ಟೆ ಇದ್ದರೂ ಕಂದು ಗುರುತೇ. ಲಿಂಗಾಯತರು, ಜೈನರು, ಬ್ರಾಹ್ಮಣರು ಸಾಕಷ್ಟು ಸಂಖ್ಯೆಯಲ್ಲಿ ಪ್ರಯಾಣಿಸುವ ಹುಬ್ಬಳ್ಳಿ, ಬೆಳಗಾವಿ ಮಾರ್ಗದಲ್ಲಿ ಶ್ರಾವಣ, ಕಾರ್ತಿಕ, ಅಮಾವಾಸ್ಯೆ, ಸಂಕಷ್ಟಿಯ ದಿನಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಬೆಳ್ಳುಳ್ಳಿ ಉಳ್ಳಾಗಡ್ಡಿ ತಿನ್ನದವರೂ ಕೇಳುತ್ತಾರೆ.

ದೂರು ವಿಭಾಗದಲ್ಲಿ ಈ ಬಗೆಯ ಪತ್ರಗಳನ್ನು ‘ರುಚಿ’ಯ ಕಡತಕ್ಕೆ ಹಾಕಬಾರದು. ಒಣಗಿದ ಬ್ರೆಡ್ಡನ್ನು ಪ್ರಯಾಣಿಕ ಮರೆಯುತ್ತಾನೆ. ವ್ರತ ಕೆಟ್ಟದ್ದನ್ನು, ಅಲರ್ಜಿಯಿಂದ ಮೈ ಊದಿದ್ದನ್ನು ಮರೆಯುವುದಿಲ್ಲ. ಎರಡು ಬಗೆಯ ಪೊಟ್ಟಣಗಳಿಗೆ ಬೇರೆ ಬೇರೆ ಡ್ರಾಯರ್, ಬೇರೆ ಬಣ್ಣದ ಪಟ್ಟಿ, ಕೊಡುವ ಮುನ್ನ ಗುರುತು ತೋರಿಸಿ ಕೊಡುವ ರೂಢಿ ಇದ್ದರೆ ಈ ದೂರು ಹುಟ್ಟುವುದಿಲ್ಲ. ಇದಕ್ಕೆ ಖರ್ಚೂ ಇಲ್ಲ.

6. ಒಂದು ಹುಳು ಕಂಡರೆ ಇಡೀ ಬ್ಯಾಚ್ ನಿಲ್ಲಿಸಬೇಕು

2023ರ ಡಿಸೆಂಬರ್ 29ರಂದು ಇಂಡಿಗೋದ ದೆಹಲಿ–ಮುಂಬೈ ವಿಮಾನದಲ್ಲಿ ಸ್ಯಾಂಡ್‌ವಿಚ್‌ನಲ್ಲಿ ಹುಳು ಸಿಕ್ಕಿತು. ಪ್ರಯಾಣಿಕರ ಮುಖ್ಯ ಆಕ್ಷೇಪ ಹುಳುವಿನ ಬಗ್ಗೆ ಇರಲಿಲ್ಲ, ಹೇಳಿದ ಮೇಲೂ ಉಳಿದವರಿಗೆ ಅದೇ ಸ್ಯಾಂಡ್‌ವಿಚ್ ಕೊಟ್ಟರು ಎಂಬುದಾಗಿತ್ತು. ಕೂಡಲೇ ನಿಲ್ಲಿಸಿದೆವು ಎಂದು ಕಂಪನಿ ಹೇಳಿ ಕ್ಷಮೆ ಕೇಳಿತು. ಆಹಾರ ಸುರಕ್ಷತಾ ಪ್ರಾಧಿಕಾರ ಕಾರಣ ಕೇಳಿ ನೋಟಿಸ್ ಕೊಟ್ಟಿತು.

ಇದು ಅಗ್ಗದ ವಿಮಾನದ ಕಾಯಿಲೆ ಎಂದು ತಿಳಿಯಬೇಡಿ. 2024ರ ಜೂನ್‌ನಲ್ಲಿ ಏರ್ ಇಂಡಿಯಾದ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನದಲ್ಲಿ ಸಿಹಿಗೆಣಸು, ಅಂಜೂರದ ಚಾಟ್‌ನಲ್ಲಿ ಬ್ಲೇಡಿನಂಥ ಲೋಹದ ತುಂಡು ಪ್ರಯಾಣಿಕರೊಬ್ಬರ ಬಾಯಿಗೆ ಬಂತು. ತರಕಾರಿ ಹೆಚ್ಚುವ ಯಂತ್ರದಿಂದ ಬಂದದ್ದೆಂದು ಕಂಪನಿ ಒಪ್ಪಿಕೊಂಡಿತು. ದುಬಾರಿ ಟಿಕೆಟ್ಟಿನ ತಟ್ಟೆಯೂ ಅಗ್ಗದ ಟಿಕೆಟ್ಟಿನ ಪೊಟ್ಟಣವೂ ಬಹಳ ಸಲ ಒಂದೇ ಬಗೆಯ ಅಡುಗೆಮನೆಯಿಂದ ಬರುತ್ತವೆ. ಯಂತ್ರದ ಬ್ಲೇಡಿಗೆ ಟಿಕೆಟ್ ದರ ತಿಳಿಯುವುದಿಲ್ಲ.

ಕೆಲಸ ಮಾಡುವವರು ಮನಸ್ಸಿನಲ್ಲಿಡಬೇಕಾದ ಕ್ರಮ ಇಷ್ಟು. ಅನ್ಯವಸ್ತು ಕಂಡ ಕೂಡಲೇ ಆ ಬಗೆಯ ತಿಂಡಿ ಮಾರುವುದನ್ನು ನಿಲ್ಲಿಸಿ. ಸಿಕ್ಕಿದ್ದನ್ನು ಎಸೆಯದೆ, ಪೊಟ್ಟಣದ ಸಮೇತ ಚೀಲದಲ್ಲಿ ಮುಚ್ಚಿ. ಬ್ಯಾಚ್ ಸಂಖ್ಯೆ ಬರೆಯಿರಿ. ಇಳಿದ ತಕ್ಷಣ ಕಿಚನ್ನಿಗೆ ಫೋನ್ ಮಾಡಿ, ಅದೇ ಬ್ಯಾಚ್ ಬೇರೆ ಯಾವ ವಿಮಾನಕ್ಕೆ ಹೋಗಿದೆಯೋ ಅಲ್ಲೆಲ್ಲ ತಡೆಯಿರಿ. ಕಿಚನ್ನಿನಲ್ಲಿ ತೆಗೆದಿಟ್ಟ ಸ್ಯಾಂಪಲ್ ಪರೀಕ್ಷೆಗೆ ಹೋಗಲಿ. ಯಂತ್ರದ ಬ್ಲೇಡನ್ನು ಪಾಳಿಯ ಮೊದಲು, ಕೊನೆಗೆ ಎರಡು ಸಲ ನೋಡುವ ರೂಢಿ ಇದ್ದರೆ ತುಂಡು ಕಾಣೆಯಾದದ್ದು ಅಲ್ಲಿಯೇ ತಿಳಿಯುತ್ತದೆ, ಪ್ರಯಾಣಿಕನ ಬಾಯಲ್ಲಿ ತಿಳಿಯಬೇಕಾಗಿಲ್ಲ.

7. ವೋಚರ್ ಕೊಟ್ಟರೆ ಉತ್ತರ ಕೊಟ್ಟಂತಲ್ಲ

ಚಾಟ್‌ನಲ್ಲಿ ಲೋಹದ ತುಂಡು ಸಿಕ್ಕ ಆ ಏರ್ ಇಂಡಿಯಾ ಪ್ರಯಾಣಿಕರು ತಮಗೆ ಕೊಡಲು ಬಂದ ಬಿಸಿನೆಸ್ ಕ್ಲಾಸ್ ಟಿಕೆಟ್ಟನ್ನು ಲಂಚವೆಂದು ಕರೆದು ನಿರಾಕರಿಸಿದ್ದಾಗಿ ಬರೆದರು. ಅದನ್ನು ದೂರು ವಿಭಾಗದ ಪ್ರತಿಯೊಬ್ಬರೂ ಓದಬೇಕು.

ದೂರು ಬರೆಯುವವರು ಕೇಳುವುದು ಸಾಮಾನ್ಯವಾಗಿ ಮೂರು: ಏನಾಯಿತು, ಯಾಕಾಯಿತು, ಮುಂದಿನವರಿಗೆ ಆಗದಂತೆ ಏನು ಮಾಡಿದಿರಿ. ನಮ್ಮ ಸಿದ್ಧ ಉತ್ತರದಲ್ಲಿ ಈ ಮೂರೂ ಇರುತ್ತಿರಲಿಲ್ಲ. ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಒಂದು ವಾಕ್ಯ, ಮುಂದಿನ ಪ್ರಯಾಣಕ್ಕೆ ಒಂದು ವೋಚರ್. ವರ್ಷಕ್ಕೊಮ್ಮೆ ಮಗಳ ಬಾಣಂತನಕ್ಕೆಂದು ವಿಮಾನ ಹತ್ತುವ ತಾಯಿಗೆ ಮೂರು ತಿಂಗಳ ಅವಧಿಯ ವೋಚರ್‌ನಿಂದ ಏನು ಪ್ರಯೋಜನ? ತಿಂಡಿಯ ದುಡ್ಡು ನೇರವಾಗಿ ಖಾತೆಗೆ ವಾಪಸ್ ಮಾಡುವುದು ಇದಕ್ಕಿಂತ ಎಷ್ಟೋ ಮರ್ಯಾದೆಯ ಕೆಲಸ.

ಉತ್ತರದ ಮೊದಲ ವಾಕ್ಯದಲ್ಲಿ ಪ್ರಯಾಣಿಕರ ಮಾತೇ ಇರಬೇಕು. ‘ಬೆಳಗಿನ ವಿಮಾನದಲ್ಲಿ ಕೊಂಡ ಪನೀರ್ ರೋಲ್ ಹುಳಿ ವಾಸನೆ ಬರುತ್ತಿತ್ತು ಎಂದು ಬರೆದಿದ್ದೀರಿ’ ಎಂದು ಶುರು ಮಾಡಿದರೆ, ಪತ್ರ ಓದಿದ್ದಾರೆಂದು ಅವರಿಗೆ ಖಾತ್ರಿಯಾಗುತ್ತದೆ. ಎರಡನೆಯ ವಾಕ್ಯದಲ್ಲಿ ತನಿಖೆಯ ಫಲ. ತನಿಖೆ ಮುಗಿದಿಲ್ಲದಿದ್ದರೆ ಯಾವ ದಿನ ಮುಗಿಯುತ್ತದೆ ಎಂಬ ಮಾತು. ಆ ದಿನ ತಪ್ಪದೆ ಬರೆಯಬೇಕು. ನನ್ನ ಅನುಭವದಲ್ಲಿ ಸಿಟ್ಟಾದವರು ಕೊನೆಗೆ ಸಮಾಧಾನಗೊಂಡದ್ದು ದುಡ್ಡಿನಿಂದಲ್ಲ, ‘ಆ ಬ್ಯಾಚಿನ ಚಿಲ್ಲರ್ ಕೆಟ್ಟಿತ್ತು, ಈಗ ಬದಲಿಸಿದ್ದೇವೆ’ ಎಂಬಂಥ ಒಂದು ನಿಜದ ಮಾತಿನಿಂದ.

8. ದೂರು ಬಾರದಿದ್ದರೆ ಎಲ್ಲ ಚೆನ್ನಾಗಿದೆ ಎಂದಲ್ಲ

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪ್ರತಿ ತಿಂಗಳು ಕಂಪನಿವಾರು ದೂರುಗಳ ಪಟ್ಟಿ ಪ್ರಕಟಿಸುತ್ತದೆ. ಅದರಲ್ಲಿ ಹಾರಾಟದ ತೊಂದರೆ, ಲಗೇಜ್, ಹಣ ಮರುಪಾವತಿ ದೊಡ್ಡ ಪಾಲು ಪಡೆಯುತ್ತವೆ. ಊಟ ತಿಂಡಿಯ ದೂರಿನ ಪಾಲು ಸಾಮಾನ್ಯವಾಗಿ ಚಿಕ್ಕದು. ಸಭೆಗಳಲ್ಲಿ ಇದನ್ನು ತೋರಿಸಿ ನಮ್ಮ ತಿಂಡಿ ಜನಕ್ಕೆ ಒಪ್ಪಿದೆ ಎನ್ನುವವರಿದ್ದರು.

ಯಾರು ದೂರು ಬರೆಯುತ್ತಾರೆ ಎಂದು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಇಂಗ್ಲಿಷ್‌ನಲ್ಲಿ ಮಿಂಚಂಚೆ ಬರೆಯಬಲ್ಲವರು, ಸಾಮಾಜಿಕ ಜಾಲತಾಣದಲ್ಲಿ ಕಂಪನಿಯ ಹೆಸರು ಹಚ್ಚಬಲ್ಲವರು, ಮೇಲಿಂದ ಮೇಲೆ ಹಾರುವವರು. ಗಜೇಂದ್ರಗಡದ ನೇಕಾರ, ರೋಣದ ಉಳ್ಳಾಗಡ್ಡಿ ಬೆಳೆಗಾರ, ನರಗುಂದದ ಮಾಸ್ತರು ಬರೆದದ್ದು ಬಹಳ ಕಡಿಮೆ. ಅವರಿಗೆ ತಿಂಡಿ ಹಿಡಿಸಿತೆಂದಲ್ಲ. ಎಲ್ಲಿ ಹೇಳಬೇಕು, ಯಾವ ಭಾಷೆಯಲ್ಲಿ ಹೇಳಬೇಕು ತಿಳಿಯದೆ ‘ಹೋಗಲಿ ಬಿಡು, ಒಂದು ತಾಸಿನ ಮಾತು’ ಎಂದು ಇಳಿದು ಹೋಗುತ್ತಾರೆ. ಅನ್ನಕ್ಕೆ ಹೆಸರಿಡಬಾರದು ಎಂದು ಬೆಳೆದವರು ನಾವು. ಆ ಸಂಸ್ಕಾರ ದೊಡ್ಡದು. ಆದರೆ ಕೆಟ್ಟ ಅನ್ನದ ಸುದ್ದಿ ಅಡುಗೆಮನೆಗೆ ಮುಟ್ಟದಿದ್ದರೆ ನಾಳೆ ಇನ್ನೊಬ್ಬರು ಅದನ್ನೇ ಉಣ್ಣುತ್ತಾರೆ.

ಹಾಗಾಗಿ ಕಂಪನಿಯೇ ಹೋಗಿ ಕೇಳಬೇಕು. ಕನ್ನಡದಲ್ಲಿ ದೂರು ತೆಗೆದುಕೊಳ್ಳುವ ವ್ಯವಸ್ಥೆ ಬೇಕು. ಟ್ರಾಲಿಯಲ್ಲಿ ಅರ್ಧ ತಿಂದು ಬಿಟ್ಟ ಪೊಟ್ಟಣಗಳನ್ನು ಎಣಿಸಬೇಕು. ಪತ್ರ ಬರೆಯದವರ ಅಭಿಪ್ರಾಯ ಆ ಕಸದ ಚೀಲದಲ್ಲಿರುತ್ತದೆ. ಯಾವ ತಿಂಡಿ ಹೆಚ್ಚು ಉಳಿಯುತ್ತದೆ ಎಂಬ ಪಟ್ಟಿ ದೂರಿನ ಪಟ್ಟಿಗಿಂತ ನನಗೆ ಹೆಚ್ಚು ಕಲಿಸಿತು.

9. ಬೆಲೆ ಏರಿದಷ್ಟು ಸಹನೆ ಇಳಿಯುತ್ತದೆ

ರುಚಿಯ ಬಗ್ಗೆ ಬರುವ ಎಷ್ಟೋ ದೂರುಗಳ ಬೇರು ಬೆಲೆಯಲ್ಲಿದೆ. ಊರಿನಲ್ಲಿ ಸಿಗುವ ಬೆಲೆಯ ಹತ್ತು ಪಟ್ಟು ಕೊಟ್ಟವರು ಒಣಗಿದ ರೋಲನ್ನು ಕ್ಷಮಿಸುವುದಿಲ್ಲ. ಮೇಲೆ ಸಾಗಿಸುವ ಖರ್ಚು ನಿಜವೇ. ಆದರೂ ಕಡಿಮೆ ಬೆಲೆಯ ಒಂದೆರಡು ತಿಂಡಿ ಪಟ್ಟಿಯಲ್ಲಿ ಇರಲೇಬೇಕು. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತ ನಿಲ್ದಾಣದಲ್ಲಿ ಶುರುವಾದ ಉಡಾನ್ ಯಾತ್ರಿ ಕೆಫೆಯಲ್ಲಿ ಚಹಾ 10 ರೂಪಾಯಿ, ನೀರು 10 ರೂಪಾಯಿ, ಸಮೋಸ 20 ರೂಪಾಯಿ. ನಿಲ್ದಾಣದೊಳಗೆ ಕೈಗೆಟಕುವ ಬೆಲೆ ಸಾಧ್ಯ ಎಂದು ಅದು ತೋರಿಸಿದೆ. ಹುಬ್ಬಳ್ಳಿಯಂಥ ಪ್ರತಿ ನಿಲ್ದಾಣದಲ್ಲೂ ಇಂಥ ಅಂಗಡಿ ಬೇಕು.

10. ತಡವಾದಾಗ ಕೊಡುವ ತಿಂಡಿ ಉಪಕಾರವಲ್ಲ, ನಿಯಮ

ಅಗ್ಗದ ವಿಮಾನದಲ್ಲಿ ತಿಂಡಿಗೆ ದುಡ್ಡು ಕೊಡಬೇಕು ಎಂಬುದು ಎಲ್ಲರಿಗೂ ಗೊತ್ತು. ತಡವಾದಾಗ ಪುಕ್ಕಟೆ ಕೊಡಬೇಕು ಎಂಬುದು ಕೆಲವರಿಗೇ ಗೊತ್ತು. ಎರಡೂವರೆ ತಾಸಿನೊಳಗಿನ ಹಾರಾಟ ಎರಡು ತಾಸು ಅಥವಾ ಅದಕ್ಕಿಂತ ಹೆಚ್ಚು ತಡವಾಗುವುದಾದರೆ, ಸಮಯಕ್ಕೆ ಸರಿಯಾಗಿ ಬಂದ ಪ್ರಯಾಣಿಕರಿಗೆ ಊಟ ಉಪಾಹಾರ ಒದಗಿಸಬೇಕೆಂದು ಮಹಾನಿರ್ದೇಶನಾಲಯದ ನಿಯಮ ಹೇಳುತ್ತದೆ. ಕಡಿಮೆ ದರದ ಕಂಪನಿಗಳಿಗೂ ಇದು ಅನ್ವಯ.

2024ರ ಜನವರಿಯಲ್ಲಿ ದೆಹಲಿಯ ಮಂಜಿನಿಂದಾಗಿ ಇಂಡಿಗೋದ ಗೋವಾ–ದೆಹಲಿ ವಿಮಾನ ಮುಂಬೈಗೆ ತಿರುಗಿತು. ತಾಸುಗಟ್ಟಲೆ ಕಾದು ಬೇಸತ್ತ ಪ್ರಯಾಣಿಕರು ವಿಮಾನ ನಿಲ್ಲುವ ನೆಲದಲ್ಲೇ ಕೂತು ಊಟ ಮಾಡಿದ ದೃಶ್ಯ ದೇಶವೆಲ್ಲ ನೋಡಿತು. ವಿಮಾನಯಾನ ಭದ್ರತಾ ಸಂಸ್ಥೆ ಕಂಪನಿಗೆ 1.20 ಕೋಟಿ ರೂಪಾಯಿ ದಂಡ ಹಾಕಿತು. ಜನರನ್ನು ಹೊತ್ತಿಗೆ ಸರಿಯಾಗಿ ಒಳಗೆ ಕೂರಿಸಿ ಊಟ ಕೊಡುವುದಕ್ಕೆ ಅದರ ಸಣ್ಣ ಭಾಗವೂ ಖರ್ಚಾಗುತ್ತಿರಲಿಲ್ಲ. ತಡವಾದ ದಿನ ಕೈಯಲ್ಲಿ ಪೊಟ್ಟಣ, ಬಾಯಲ್ಲಿ ನಿಜವಾದ ಸಮಯ ಎರಡೂ ಇರುವ ಸಿಬ್ಬಂದಿಯನ್ನು ಗೇಟಿಗೆ ಕಳಿಸಬೇಕು.

11. ಪ್ರಯಾಣಿಕರಿಗೆ: ಹೇಳುವ ಕ್ರಮ ತಿಳಿದರೆ ಮಾತಿಗೆ ತೂಕ ಬರುತ್ತದೆ

ಕೆಟ್ಟ ತಿಂಡಿ ಸಿಕ್ಕರೆ ಎಸೆಯಬೇಡಿ. ತಿಂಡಿಯ ಫೋಟೊ, ಪೊಟ್ಟಣದ ಹಿಂಬದಿಯ ಫೋಟೊ ತೆಗೆಯಿರಿ. ತಯಾರಾದ ದಿನ, ಬ್ಯಾಚ್ ಸಂಖ್ಯೆ, ಆಹಾರ ಪರವಾನಗಿಯ 14 ಅಂಕಿ ಕಾಣುವಂತಿರಲಿ. ಬೋರ್ಡಿಂಗ್ ಪಾಸ್, ಬಿಲ್ ಇಟ್ಟುಕೊಳ್ಳಿ. ಕ್ರೂಗೆ ಅಲ್ಲಿಯೇ ಹೇಳಿ, ಬರೆದುಕೊಳ್ಳಲು ಹೇಳಿ. ಸಿಟ್ಟು ಬೇಡ, ಅವರು ಆ ತಿಂಡಿ ಮಾಡಿದವರಲ್ಲ.

ಮೊದಲು ಕಂಪನಿಗೆ ಬರೆಯಿರಿ. ಉತ್ತರ ಸರಿಯಾಗಿ ಬರದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ, ಆಹಾರದ ಸುರಕ್ಷತೆಯ ವಿಷಯವಾದರೆ ಫುಡ್ ಸೇಫ್ಟಿ ಕನೆಕ್ಟ್‌ನಲ್ಲಿ ದೂರು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರಿಂದಲೂ ಆಗದಿದ್ದರೆ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹಾಕಬಹುದು. ರಾಜೂರಿನವರು ದೆಹಲಿ, ಬೆಂಗಳೂರಿಗೆ ಅಲೆಯಬೇಕಿಲ್ಲ, ಗದಗದ ಜಿಲ್ಲಾ ಆಯೋಗ ಸಾಕು. ಕೊಂಡದ್ದರ ಮೌಲ್ಯ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಘಟನೆ ನಡೆದು ಎರಡು ವರ್ಷದೊಳಗೆ ದೂರು ಕೊಡಬೇಕು.

ವಿಮಾನ ಕಂಪನಿಗಳ ಮುಂದೆ ನನ್ನ ಬೇಡಿಕೆ ಮೂರು, ಮೂರೂ ಪೊಟ್ಟಣದ ಮೇಲೆ ಹಿಡಿಸುವಷ್ಟು ಚಿಕ್ಕವು. ಕರ್ನಾಟಕದಿಂದ ಹೊರಡುವ ಪ್ರತಿ ವಿಮಾನದ ತಿಂಡಿಯ ಮೇಲೆ ತಯಾರಾದ ದಿನದ ಜತೆಗೆ ತಯಾರಾದ ತಾಸನ್ನೂ ಅಚ್ಚು ಹಾಕಿ. ಮೊಟ್ಟೆ, ಶೇಂಗಾ, ಬೆಳ್ಳುಳ್ಳಿ ಇದೆಯೋ ಇಲ್ಲವೋ ಕನ್ನಡದಲ್ಲಿ ಬರೆಯಿರಿ. ಕನ್ನಡದಲ್ಲಿ ಮಾತಾಡುವವರು ಎತ್ತಿಕೊಳ್ಳುವ ಒಂದು ಫೋನ್ ನಂಬರ್ ಕೊಡಿ. ತಾಸು ಅಚ್ಚಾದ ದಿನ ಹಳೆಯ ಸ್ಯಾಂಡ್‌ವಿಚ್ಚನ್ನು ನಾಲ್ಕನೆಯ ಸೆಕ್ಟರ್‌ಗೆ ಕಳಿಸುವ ಮುನ್ನ ಕಂಪನಿ ತಾನೇ ಯೋಚಿಸುತ್ತದೆ. ಕಡಿಮೆ ದರದ ಟಿಕೆಟ್ ನಮ್ಮ ಜನಕ್ಕೆ ಆಕಾಶದ ದಾರಿ ತೆರೆಯಿತು. ಆ ದಾರಿಯಲ್ಲಿ ದುಡ್ಡು ಕೊಟ್ಟು ಉಣ್ಣುವವರಿಗೆ ನಂಬಿ ಉಣ್ಣುವ ಹಕ್ಕೂ ಸಿಗಬೇಕು.